ಧಾರಾವಾಹಿ ನೋಡಿದವರು ಕಡಲು ದಾಟಿದ ಕಥೆ

ಮಂಗಳೂರಿನ ನಂತೂರಿನಿಂದ ಮೂಡುಬಿದಿರೆ ಕಡೆಯ ಬಸ್ಸು ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಬಿಕರ್ನಕಟ್ಟೆ ಸಿಗುತ್ತದೆ. ಗುಡ್ಡದ ಮೇಲೆ ಕಾರ್ಮೆಲ್ ಸಭೆಯ ಗುರುಗಳು ನಡೆಸುವ ಬಾಲ ಯೇಸುವಿನ ಪುಣ್ಯಕ್ಷೇತ್ರವಿದೆ. ಗುರುವಾರ ಬಂತೆಂದರೆ ಅಲ್ಲಿ ಜನ. ಜನವರಿ 14ರ ಹಬ್ಬಕ್ಕಂತೂ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬರುವವರೆಲ್ಲ ಕ್ರೈಸ್ತರೇ ಅಲ್ಲ. ಹರಕೆ ಹೊತ್ತ ಹಿಂದೂ ಹೆಂಗಸರೂ ಮೇಣದ ಬತ್ತಿ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ.

ಈ ಬಾಲ ಯೇಸುವಿನ ಮೂಲ ಪ್ರತಿಮೆ ಇರುವುದು ಯುರೋಪಿನ ಪ್ರಾಗ್ ಪಟ್ಟಣದಲ್ಲಿ. ಅರ್ಧ ಮೀಟರಿಗೂ ಕಡಿಮೆ ಎತ್ತರದ, ಮೇಣ ಲೇಪಿಸಿದ ಪ್ರತಿಮೆ. ಸ್ಪೇನಿನಿಂದ ಬಂದ ಅದನ್ನು 1628ರಲ್ಲಿ ಪೊಲಿಕ್ಸೆನಾ ಎಂಬ ರಾಜಮನೆತನದ ಹೆಂಗಸು ಅಲ್ಲಿನ ಕಾರ್ಮೆಲ್ ಸಭೆಗೆ ಕೊಟ್ಟಳು. ಬಿಕರ್ನಕಟ್ಟೆಯಲ್ಲಿ ಪ್ರತಿರೂಪಕ್ಕೆ ಕೈಮುಗಿದ ಅಮ್ಮ ಒಬ್ಬಳು "ಒಮ್ಮೆ ಪ್ರಾಗಿಗೆ ಹೋಗಿ ಮೂಲವನ್ನು ನೋಡಬೇಕು" ಎಂದರೆ ಯಾರೂ ನಗುವುದಿಲ್ಲ. ಮಕ್ಕಳು ದುಬೈಯಲ್ಲಿ ದುಡಿಯುತ್ತಿದ್ದರೆ ಟಿಕೆಟ್ ಕೂಡ ಮಾಡಿಸಿಯಾರು.

ಅದೇ ಅಮ್ಮ ದಿನಾ ರಾತ್ರಿ ಏಳೂವರೆಗೆ ನೋಡುವ ಧಾರಾವಾಹಿಯ ಊರಿಗೆ, ಅದರ ಅಭಿಮಾನಿಗಳು ಸೇರುವ ಸಮಾವೇಶಕ್ಕೆ ಹೋಗಬೇಕು ಎಂದರೆ? ಮನೆಯಲ್ಲಿ ಮೊದಲು ನಗು, ಆಮೇಲೆ ಬೈಗುಳ. "ಸೀರಿಯಲ್ ಮರ್ಲ್" ಎಂದು ತುಳುವಿನಲ್ಲಿ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮರ್ಲ್ ಎಂದರೆ ಹುಚ್ಚು.

ಈ ಹುಚ್ಚಿಗೆ ಅರುವತ್ತು ವರ್ಷದಷ್ಟು ಹಳೆಯ ಚರಿತ್ರೆಯಿದೆ. ಅದನ್ನು ಬರೆದವರಲ್ಲಿ ಹೆಚ್ಚಿನವರು ಹೆಂಗಸರು. ಹಾಗಾಗಿ ಇವತ್ತು ನಾವು ಅದನ್ನೇ ಹೇಳಲು ಹೊರಟಿದ್ದೇವೆ.

ಮೊದಲು ಒಂದು ಪದದ ವಿಚಾರ. ಇಂಗ್ಲಿಷಿನ 'ಫ್ಯಾನ್' ಎಂಬುದು 'ಫೆನಾಟಿಕ್' ಎಂಬುದರ ಗಿಡ್ಡ ರೂಪ. ಅದರ ಬೇರು ಲ್ಯಾಟಿನ್ನಿನ 'ಫಾನುಮ್'. ಹಾಗೆಂದರೆ ಗುಡಿ. ಗುಡಿಯ ಆವೇಶ ಮೈಮೇಲೆ ಬಂದವನನ್ನು ಕರೆಯುತ್ತಿದ್ದ ಪದ ಆಮೇಲೆ ಆಟದ, ಸಿನಿಮಾದ, ಟೀವಿಯ ಹಿಂದೆ ಬಿದ್ದವರಿಗೆ ಅಂಟಿಕೊಂಡಿತು. ನಮ್ಮಲ್ಲಿ 'ಅಭಿಮಾನಿ' ಎನ್ನುತ್ತೇವೆ. ಕೇಳಲು ಗೌರವದ ಪದ. ಆದರೆ ಈ ಗೌರವ ಎಲ್ಲರಿಗೂ ಸಮಾನವಾಗಿ ಸಿಗುವುದಿಲ್ಲ.

ಕರಾವಳಿಯಲ್ಲಿ ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಪತ್ತನಾಜೆಯವರೆಗೆ ಆಟ. ತೆಂಗಿನ ಒಣ ಗರಿಯ ತೂಟೆ ಹಿಡಿದು ಗುಡ್ಡ ಇಳಿದು, ತೋಡು ದಾಟಿ, ಮೈಲುಗಟ್ಟಲೆ ನಡೆದು ಆಟ ನೋಡಿ ಬೆಳಿಗ್ಗೆ ಮನೆಗೆ ಬರುತ್ತಿದ್ದವರ ಕಥೆ ಪ್ರತಿ ಮನೆಯಲ್ಲೂ ಇದೆ. ಹೆಂಗಸರೂ ಹೋಗುತ್ತಿದ್ದರು, ಊರ ಬಯಲಾಟಕ್ಕೆ, ಮಕ್ಕಳನ್ನು ಚಾಪೆಯ ಮೇಲೆ ಮಲಗಿಸಿಕೊಂಡು. ಆದರೆ ತನಗೆ ಮೆಚ್ಚಿದ ವೇಷಧಾರಿಯ ಹಿಂದೆ ಊರಿಂದ ಊರಿಗೆ, ವಾರಕ್ಕೆ ಮೂರು ರಾತ್ರಿ ಹೋಗುವ ಸ್ವಾತಂತ್ರ್ಯ ಇದ್ದದ್ದು ಗಂಡಸಿಗೆ. ಅವನನ್ನು ಊರು 'ಕಲಾಭಿಮಾನಿ' ಎಂದು ಕರೆಯಿತು, ವೇದಿಕೆಗೆ ಹತ್ತಿಸಿ ಶಾಲು ಹೊದೆಸಿತು. ಮನೆಯೊಳಗೆ ಕೂತು ಅಷ್ಟೇ ನಿಷ್ಠೆಯಿಂದ ಧಾರಾವಾಹಿ ನೋಡಿದ ಹೆಂಗಸಿಗೆ ಸಿಕ್ಕಿದ್ದು ಮರ್ಲ್ ಎಂಬ ಬಿರುದು.

ಈಗ ಅಮೆರಿಕಕ್ಕೆ ಹೋಗೋಣ. ಟೀವಿ ಅಭಿಮಾನಿಗಳ ಸಮಾವೇಶ ಎಂಬುದು ದೊಡ್ಡದಾಗಿ ಬೆಳೆದದ್ದು ಅಲ್ಲಿ.

1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿ ಎಂಬ ವಾಹಿನಿಯಲ್ಲಿ 'ಸ್ಟಾರ್ ಟ್ರೆಕ್' ಎಂಬ ಧಾರಾವಾಹಿ ಶುರುವಾಯಿತು. ಮುಂದಿನ ಯಾವುದೋ ಶತಮಾನ. ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ನೌಕೆ. ಅದರಲ್ಲಿ ಅಮೆರಿಕದವನು, ರಷ್ಯದವನು, ಜಪಾನಿ ಮೂಲದವನು, ಆಫ್ರಿಕಾ ಮೂಲದ ಹೆಂಗಸು, ಜೊತೆಗೆ ಚೂಪು ಕಿವಿಯ ಅನ್ಯಗ್ರಹದವನು, ಎಲ್ಲರೂ ಒಟ್ಟಿಗೆ ಕೆಲಸ ಮಾಡುತ್ತಾರೆ. ಅಮೆರಿಕದಲ್ಲಿ ಕಪ್ಪು ಜನ ಸಮಾನ ಹಕ್ಕಿಗಾಗಿ ಬೀದಿಯಲ್ಲಿದ್ದ ಕಾಲ ಅದು. ರಷ್ಯದೊಂದಿಗೆ ಶೀತಲ ಸಮರ ನಡೆಯುತ್ತಿದ್ದ ಕಾಲವೂ ಹೌದು. ಅಂಥಾ ಹೊತ್ತಿನಲ್ಲಿ ಈ ನೌಕೆ ಜನರ ಮನಸ್ಸಿಗೆ ಹಿಡಿಸಿತು. ಆದರೆ ವಾಹಿನಿಯ ಲೆಕ್ಕದಲ್ಲಿ ನೋಡುವವರ ಸಂಖ್ಯೆ ಸಾಲದಾಯಿತು. ಎರಡು ವರ್ಷಕ್ಕೇ ನಿಲ್ಲಿಸುತ್ತಾರೆ ಎಂಬ ಸುದ್ದಿ ಹಬ್ಬಿತು.

ಆಗ ಬೀಜೋ ಟ್ರಿಂಬಲ್ ಎಂಬ ಮಹಿಳೆ ತನ್ನ ಗಂಡ ಜಾನ್ ಜೊತೆ ಸೇರಿ ಪತ್ರ ಚಳವಳಿ ಹೂಡಿದರು. ಇಂಟರ್ನೆಟ್ ಇಲ್ಲ, ವಾಟ್ಸ್‌ಆಪ್ ಇಲ್ಲ. ವಿಳಾಸಗಳ ಪಟ್ಟಿ ಕೂಡಿಸಿ, ಒಬ್ಬರು ಹತ್ತು ಜನರಿಗೆ ಬರೆಯಿರಿ, ಅವರು ಮತ್ತೆ ಹತ್ತು ಜನರಿಗೆ ಹೇಳಲಿ ಎಂಬ ಕ್ರಮ. ನಮ್ಮಲ್ಲಿ "ಈ ಕಾರ್ಡನ್ನು ಇನ್ನೂ ಹನ್ನೊಂದು ಜನರಿಗೆ ಕಳುಹಿಸಿ" ಎಂದು ದೇವರ ಹೆಸರಿನ ಅಂಚೆ ಕಾರ್ಡು ಬರುತ್ತಿತ್ತಲ್ಲ, ಅದೇ ಉಪಾಯ, ಆದರೆ ಇಲ್ಲಿ ಕೆಲಸಕ್ಕೆ ಬಂತು. ವಾಹಿನಿಗೆ ಲಕ್ಷಕ್ಕೂ ಹೆಚ್ಚು ಪತ್ರ ಬಂದವು. 1968ರ ಮಾರ್ಚ್‌ನಲ್ಲಿ ಎನ್‌ಬಿಸಿ ತೆರೆಯ ಮೇಲೆಯೇ "ಧಾರಾವಾಹಿ ಮುಂದುವರಿಯುತ್ತದೆ" ಎಂದು ಘೋಷಿಸಬೇಕಾಯಿತು.

ಸಿಕ್ಕಿದ್ದು ಒಂದೇ ವರ್ಷದ ಆಯುಸ್ಸು. 79 ಕಂತುಗಳಾಗಿ 1969ರಲ್ಲಿ ಧಾರಾವಾಹಿ ನಿಂತಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಸಣ್ಣ ಸಣ್ಣ ಊರಿನ ಕೇಂದ್ರಗಳು ಹಳೆಯ ಕಂತುಗಳನ್ನು ಮತ್ತೆ ಮತ್ತೆ ಹಾಕತೊಡಗಿದವು. ಸಂಜೆ ಹೊತ್ತು, ಮಕ್ಕಳು ಶಾಲೆಯಿಂದ ಬಂದ ಮೇಲೆ. ನಿಂತುಹೋದ ಧಾರಾವಾಹಿಗೆ ನಿಂತ ಮೇಲೆ ಜನ ಹೆಚ್ಚಾದರು.

1972ರ ಜನವರಿಯಲ್ಲಿ ನ್ಯೂಯಾರ್ಕಿನ ಸ್ಟ್ಯಾಟ್ಲರ್ ಹಿಲ್ಟನ್ ಹೋಟೆಲಿನಲ್ಲಿ ಅಭಿಮಾನಿಗಳೇ ಒಂದು ಸಮಾವೇಶ ಇಟ್ಟರು. ಕೆಲವು ನೂರು ಜನ ಬಂದಾರು ಎಂದು ಅವರ ಎಣಿಕೆ. ಬಂದದ್ದು ಮೂರು ಸಾವಿರಕ್ಕೂ ಹೆಚ್ಚು. ಧಾರಾವಾಹಿಯನ್ನು ಹುಟ್ಟಿಸಿದ ಜೀನ್ ರಾಡೆನ್‌ಬೆರಿ ಬಂದರು, ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ಬಂದರು, ಅಂತರಿಕ್ಷ ಸಂಸ್ಥೆ ನಾಸಾ ತನ್ನ ಸಾಮಾನು ತಂದು ಪ್ರದರ್ಶನಕ್ಕಿಟ್ಟಿತು.

ಇಂಥ ಸಮಾವೇಶದಲ್ಲಿ ಏನಿರುತ್ತದೆ ಎಂದು ಕೇಳಬಹುದು. ನಮ್ಮ ಸಾಹಿತ್ಯ ಸಮ್ಮೇಳನವನ್ನೂ ಊರ ಜಾತ್ರೆಯನ್ನೂ ಒಟ್ಟಿಗೆ ಕಲಸಿದರೆ ಹತ್ತಿರ ಬರುತ್ತದೆ. ಒಂದು ಸಭಾಂಗಣದಲ್ಲಿ ನಟರ ಜೊತೆ ಪ್ರಶ್ನೋತ್ತರ. ಇನ್ನೊಂದರಲ್ಲಿ ಹಳೆಯ ಕಂತುಗಳ ಪ್ರದರ್ಶನ. ಹೊರಗೆ ಸಂತೆ: ಪುಸ್ತಕ, ಚಿತ್ರ, ಆಟಿಕೆ. ಪಾತ್ರಗಳ ವೇಷ ಹಾಕಿಕೊಂಡು ಬಂದವರ ಸ್ಪರ್ಧೆ, ನಮ್ಮ ದಸರಾ ವೇಷಗಳ ಹಾಗೆ. ಸಹಿ ಹಾಕಿಸಿಕೊಳ್ಳಲು ಉದ್ದ ಸಾಲು. ರಾತ್ರಿ ಹೋಟೆಲಿನ ಜಗಲಿಯಲ್ಲಿ, ಒಬ್ಬರನ್ನೊಬ್ಬರು ಅದಕ್ಕೂ ಮೊದಲು ಕಂಡೇ ಇರದ ಜನ ಕೂತು, ಇಂಥಾ ಕಂತಿನಲ್ಲಿ ಅವನು ಹಾಗೆ ಮಾಡಬಾರದಿತ್ತು ಎಂದು ವಾದ ಮಾಡುವುದು. ದೂರದಿಂದ ಹಣ ಖರ್ಚು ಮಾಡಿ ಹೋಗುವವರು ಮುಖ್ಯವಾಗಿ ಈ ಕೊನೆಯದಕ್ಕೇ ಹೋಗುತ್ತಾರೆ ಎಂದು ನಮಗೆ ತೋರುತ್ತದೆ. ನಟನನ್ನು ಕಾಣುವುದು ಎರಡು ನಿಮಿಷ. ತನ್ನ ಹಾಗೆಯೇ ನೋಡಿದವರು ಸಿಗುವುದು ಮೂರು ದಿನ.

ಇದರ ಹಿಂದೆ ಹೆಂಗಸರ ದುಡಿಮೆ ಎಷ್ಟಿತ್ತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 1967ರಲ್ಲಿ 'ಸ್ಪಾಕನೇಲಿಯಾ' ಎಂಬ ಅಭಿಮಾನಿ ಪತ್ರಿಕೆ ಹೊರಟಿತು, ಹೊರಡಿಸಿದವರು ಹೆಂಗಸರು. ಮನೆಯಲ್ಲಿ ಟೈಪ್ ಮಾಡಿ, ಸೈಕ್ಲೋಸ್ಟೈಲ್ ಹಾಗೆ ಪ್ರತಿ ತೆಗೆದು, ಅಂಚೆಯಲ್ಲಿ ಕಳುಹಿಸುತ್ತಿದ್ದ ಪತ್ರಿಕೆಗಳು ಇವು. 1972ರ ಸಮಾವೇಶ ನಡೆಸಿದ ತಂಡದಲ್ಲೂ ಜೋನ್ ವಿನ್‌ಸ್ಟನ್ ಮೊದಲಾದ ಹೆಂಗಸರಿದ್ದರು. 1976ರಲ್ಲಿ ಅಮೆರಿಕದ ಮೊದಲ ಬಾಹ್ಯಾಕಾಶ ಶಟಲ್‌ಗೆ ಬೇರೆ ಹೆಸರು ನಿಶ್ಚಯವಾಗಿತ್ತು. ಅಭಿಮಾನಿಗಳು ಮತ್ತೆ ಪತ್ರದ ಮಳೆ ಸುರಿಸಿದರು. ಕೊನೆಗೆ ಅದಕ್ಕೆ ಇಟ್ಟ ಹೆಸರು 'ಎಂಟರ್‌ಪ್ರೈಸ್'.

ಇಷ್ಟಾದರೂ ನಗೆಪಾಟಲು ತಪ್ಪಲಿಲ್ಲ. 1986ರಲ್ಲಿ ಅಮೆರಿಕದ ಒಂದು ಪ್ರಸಿದ್ಧ ಹಾಸ್ಯ ಕಾರ್ಯಕ್ರಮದಲ್ಲಿ ನೌಕೆಯ ನಾಯಕನ ಪಾತ್ರ ಮಾಡಿದ ವಿಲಿಯಂ ಶಾಟ್ನರ್ ಅವರೇ, ಸಮಾವೇಶಕ್ಕೆ ಬಂದ ಅಭಿಮಾನಿಗಳನ್ನು "ಬೇರೆ ಬದುಕಿಲ್ಲವೇ ನಿಮಗೆ" ಎಂಬರ್ಥದಲ್ಲಿ ಗದರುವ ಪ್ರಹಸನ ಆಡಿದರು. ಊರೆಲ್ಲ ನಕ್ಕಿತು. ಸಮಾವೇಶಗಳು ಮಾತ್ರ ಹೆಚ್ಚುತ್ತಲೇ ಹೋದವು.

ಗಡಿ ದಾಟಿ ಹೋಗುವುದು ಅಲ್ಲಿಂದ ಮುಂದಿನ ಹೆಜ್ಜೆ. ಬ್ರಿಟನ್ನಿನ 'ಡಾಕ್ಟರ್ ಹೂ' 1963ರಿಂದ ಬರುತ್ತಿದ್ದ ಧಾರಾವಾಹಿ. ಅದರ ಮೊದಲ ಸಮಾವೇಶ 1977ರಲ್ಲಿ ಲಂಡನ್ನಿನಲ್ಲಿ ಒಂದು ಚರ್ಚ್ ಸಭಾಂಗಣದಲ್ಲಿ ಸಣ್ಣದಾಗಿ ನಡೆಯಿತು. 1983ರ ಈಸ್ಟರ್ ರಜೆಯಲ್ಲಿ ಲಾಂಗ್‌ಲೀಟ್ ಎಂಬಲ್ಲಿ ಇಪ್ಪತ್ತನೇ ವರ್ಷದ ಉತ್ಸವ ಇಟ್ಟಾಗ ಬಿಬಿಸಿ ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಜನ ನುಗ್ಗಿ ವಾಹನಗಳು ರಸ್ತೆಯಲ್ಲೇ ನಿಂತವು. ತಮಾಷೆ ಎಂದರೆ ಈ ಬ್ರಿಟಿಷ್ ಧಾರಾವಾಹಿಯ ಹೆಸರಾಂತ ವಾರ್ಷಿಕ ಸಮಾವೇಶ 1990ರಿಂದ ನಡೆಯುತ್ತಿರುವುದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ತಮ್ಮದೇ ಊರಿನ ಧಾರಾವಾಹಿಗಾಗಿ ಇಂಗ್ಲೆಂಡಿನವರು ಅಟ್ಲಾಂಟಿಕ್ ದಾಟಿ ಹೋಗುತ್ತಾರೆ. ಜರ್ಮನಿಯಲ್ಲಿ 1992ರಿಂದ 'ಫೆಡ್‌ಕಾನ್' ನಡೆಯುತ್ತಿದೆ. ಅದಕ್ಕೂ ನೆರೆಯ ದೇಶಗಳ ಜನ ಬರುತ್ತಾರೆ.

ಅದೇ ಹೊತ್ತಿಗೆ ನಮ್ಮಲ್ಲಿ ಏನಾಗುತ್ತಿತ್ತು? 1984ರ ಜುಲೈ 7ರಂದು ದೂರದರ್ಶನದಲ್ಲಿ 'ಹಮ್ ಲೋಗ್' ಶುರುವಾಯಿತು. ದೇಶದ ಮೊದಲ ದೊಡ್ಡ ಧಾರಾವಾಹಿ, 156 ಕಂತು. ಆ ವರ್ಷ ದೇಶದಲ್ಲಿ ಟೀವಿ ಪ್ರಸಾರ ಕೇಂದ್ರಗಳು ದಿನಕ್ಕೊಂದರಂತೆ ಏಳುತ್ತಿದ್ದವು. ಕಂತಿನ ಕೊನೆಯಲ್ಲಿ ಹಿರಿಯ ನಟ ಅಶೋಕ್ ಕುಮಾರ್ ಬಂದು ನಾಲ್ಕು ಮಾತು ಹೇಳುತ್ತಿದ್ದರು. ಅದಕ್ಕೆ ಉತ್ತರವಾಗಿ ಬಂದ ಪತ್ರಗಳು ಲಕ್ಷಗಟ್ಟಲೆ. ವರದಕ್ಷಿಣೆ, ಗಂಡನ ಕುಡಿತ, ಮಗಳ ಓದು. ಧಾರಾವಾಹಿಯ ಪಾತ್ರಕ್ಕೆ ಬುದ್ಧಿ ಹೇಳುವ ನೆಪದಲ್ಲಿ ಹೆಂಗಸರು ತಮ್ಮ ಮನೆಯ ಕಥೆಯನ್ನೇ ಬರೆದರು.

ಅಮೆರಿಕದಲ್ಲಿ ಪತ್ರ ಬರೆದವರು ನಾಲ್ಕು ವರ್ಷದಲ್ಲಿ ಹೋಟೆಲಿನಲ್ಲಿ ಸೇರಿದರು. ನಮ್ಮಲ್ಲಿ ಪತ್ರ ಬರೆದವರು ಸೇರಲೇ ಇಲ್ಲ. ಬಸ್ ಚಾರ್ಜು ಒಂದು ಕಾರಣ, ಮನೆಯವರ ಒಪ್ಪಿಗೆ ಇನ್ನೊಂದು. ಮತ್ತೊಂದು ಕಾರಣ, ಆ ಪತ್ರಗಳೆಲ್ಲ ಹೋದದ್ದು ದೆಹಲಿಗೆ, ಒಬ್ಬರ ವಿಳಾಸ ಮತ್ತೊಬ್ಬರಿಗೆ ಸಿಗುವಂತಿರಲಿಲ್ಲ.

1987ರ ಜನವರಿಯಲ್ಲಿ 'ರಾಮಾಯಣ' ಬಂದಾಗ ಸೇರುವುದಕ್ಕೆ ಒಂದು ದಾರಿ ತೆರೆಯಿತು, ಆದರೆ ಅದು ಭಕ್ತಿಯ ದಾರಿ. ಭಾನುವಾರ ಬೆಳಿಗ್ಗೆ ಬೀದಿಗಳು ಖಾಲಿ. ಟೀವಿಗೆ ಹೂಮಾಲೆ, ಊದುಬತ್ತಿ. ಟೀವಿ ಇದ್ದ ಮನೆಯ ಜಗಲಿಯಲ್ಲಿ ಊರಿಗೆ ಊರೇ ಕೂರುತ್ತಿತ್ತು. ರಾಮನಾಗಿದ್ದ ಅರುಣ್ ಗೋವಿಲ್ ಹೋದಲ್ಲೆಲ್ಲ ಜನ ಕಾಲಿಗೆ ಬಿದ್ದರು. ಸೀತೆಯಾಗಿದ್ದ ದೀಪಿಕಾ ಚಿಖ್ಲಿಯಾ, ರಾವಣನಾಗಿದ್ದ ಅರವಿಂದ ತ್ರಿವೇದಿ ಇಬ್ಬರೂ 1991ರಲ್ಲಿ ಗುಜರಾತಿನಿಂದ ಲೋಕಸಭೆಗೆ ಆಯ್ಕೆಯಾದರು. ದೇವರ ಕಥೆಯಾದ ಕಾರಣ ಆ ಹೆಂಗಸರನ್ನು ಯಾರೂ ಮರ್ಲ್ ಎನ್ನಲಿಲ್ಲ.

ಇನ್ನು ಹೇಳುವುದು ಕೊರಿಯಾದ ಕಥೆ. ನಮಗೆ ಇಡೀ ಚರಿತ್ರೆಯಲ್ಲಿ ಹೆಚ್ಚು ಇಷ್ಟವಾದದ್ದು ಇದು.

2002ರಲ್ಲಿ ದಕ್ಷಿಣ ಕೊರಿಯಾದ ಕೆಬಿಎಸ್ ವಾಹಿನಿಯಲ್ಲಿ 'ವಿಂಟರ್ ಸೊನಾಟಾ' ಎಂಬ 20 ಕಂತಿನ ಧಾರಾವಾಹಿ ಬಂತು. ಹಿಮ, ಶಾಲೆಯ ಪ್ರೀತಿ, ಅಪಘಾತ, ಮರೆವು, ಮತ್ತೆ ಸಿಗುವುದು. ನಮ್ಮ ಧಾರಾವಾಹಿ ನೋಡುವವರಿಗೆ ಹೊಸತೇನೂ ಅನಿಸದ ಕಥೆ. 2003ರಲ್ಲಿ ಜಪಾನಿನ ಎನ್‌ಎಚ್‌ಕೆ ಅದನ್ನು ಉಪಗ್ರಹ ವಾಹಿನಿಯಲ್ಲೂ 2004ರಲ್ಲಿ ಮುಖ್ಯ ವಾಹಿನಿಯಲ್ಲೂ ತೋರಿಸಿತು. ಜಪಾನಿನ ನಡುವಯಸ್ಸಿನ, ಅದನ್ನೂ ದಾಟಿದ ಹೆಂಗಸರು ಅದಕ್ಕೆ ಸೋತುಹೋದರು. ನಾಯಕ ಬೇ ಯೋಂಗ್-ಜುನ್‌ಗೆ 'ಯೋನ್‌ಸಾಮಾ' ಎಂದು ಹೆಸರಿಟ್ಟರು. 'ಸಾಮಾ' ಎಂದರೆ ಬಹಳ ದೊಡ್ಡವರಿಗೆ ಸೇರಿಸುವ ಗೌರವ ಪದ.

ಈ ಎರಡು ದೇಶಗಳ ಹಳೆಯ ಲೆಕ್ಕ ಗೊತ್ತಿದ್ದರೆ ಇದರ ತೂಕ ತಿಳಿಯುತ್ತದೆ. 1910ರಿಂದ 1945ರವರೆಗೆ ಕೊರಿಯಾವನ್ನು ಆಳಿದ್ದು ಜಪಾನ್. ಜಪಾನಿನಲ್ಲಿ ನೆಲೆಸಿದ ಕೊರಿಯಾದವರನ್ನು ಕೀಳಾಗಿ ನೋಡುವುದು ಆಮೇಲೂ ನಿಂತಿರಲಿಲ್ಲ. ಅಂಥಾ ಕಡೆ ಜಪಾನಿನ ಗೃಹಿಣಿಯೊಬ್ಬಳು ಕೊರಿಯಾದ ನಟನಿಗೆ 'ಸಾಮಾ' ಎಂದು ಕರೆಯುವುದು ಸಣ್ಣ ಮಾತಲ್ಲ.

2004ರ ನವೆಂಬರಿನಲ್ಲಿ ಆ ನಟ ಟೋಕಿಯೋಗೆ ಬಂದಾಗ ನರೀಟಾ ವಿಮಾನ ನಿಲ್ದಾಣದಲ್ಲಿ ಕಾಯುತ್ತಿದ್ದವರು ಸುಮಾರು 3,500 ಜನ. ಮರುದಿನ ಹೋಟೆಲಿನೆದುರು ನೂಕುನುಗ್ಗಲಾಗಿ ಕೆಲವರಿಗೆ ಪೆಟ್ಟಾಯಿತು. ತಾನೂ ಯೋನ್‌ಸಾಮಾನಷ್ಟು ಜನಪ್ರಿಯನಾಗಬೇಕು ಎಂದು ಆಗಿನ ಪ್ರಧಾನಿ ಕೊಯಿಜುಮಿಯೇ ಹೇಳಿಕೊಂಡಿದ್ದರು.

ಆಮೇಲೆ ಆ ಹೆಂಗಸರು ಪಾಸ್‌ಪೋರ್ಟ್ ಮಾಡಿಸಿದರು. ಗುಂಪು ಗುಂಪಾಗಿ ಕೊರಿಯಾಕ್ಕೆ ಹೊರಟರು. ಚುಂಚಿಯೋನ್ ಪಟ್ಟಣದ ಬೀದಿಗಳು, ನಾಮಿ ದ್ವೀಪದ ಎತ್ತರದ ಮರಗಳ ಸಾಲು, ಧಾರಾವಾಹಿಯಲ್ಲಿ ನಾಯಕನ ಮನೆಯಾಗಿದ್ದ ಮನೆ. ನಾಮಿ ದ್ವೀಪದಲ್ಲಿ ನಾಯಕ ನಾಯಕಿಯ ಪ್ರತಿಮೆಯೇ ನಿಂತಿದೆ. ಅದಕ್ಕೂ ಹಿಂದೆ ಜಪಾನಿನಿಂದ ಕೊರಿಯಾಕ್ಕೆ ಮೋಜಿಗೆ ಹೋಗುತ್ತಿದ್ದವರಲ್ಲಿ ಗಂಡಸರದ್ದೇ ಮೇಲುಗೈಯಾಗಿತ್ತು, ಅದಕ್ಕೆ ಒಳ್ಳೆಯ ಹೆಸರೂ ಇರಲಿಲ್ಲ. ಈಗ ಹೋದವರು ಅಮ್ಮಂದಿರು, ಅಜ್ಜಿಯಂದಿರು. ಕೆಲವರು ಕೊರಿಯನ್ ಭಾಷೆ ಕಲಿತರು. ರಾಜಕಾರಣಿಗಳು ಕೂತು ಮಾತಾಡಿಯೂ ಕರಗದ ಎರಡು ದೇಶಗಳ ಗಂಟುಮುಖ ಒಂದಿಷ್ಟು ಸಡಿಲವಾಯಿತು. ಪೂರ್ತಿ ಸರಿಹೋಯಿತು ಎಂದಲ್ಲ. ಆಮೇಲೂ ಜಗಳಗಳಾಗಿವೆ.

ಗಲ್ಫಿನಲ್ಲಿರುವ ನಮ್ಮವರಿಗೆ ಇನ್ನೊಂದು ಕಥೆ ನೆನಪಿರಬಹುದು. 2008ರಲ್ಲಿ ಟರ್ಕಿಯ 'ಗ್ಯೂಮುಶ್' ಧಾರಾವಾಹಿಯನ್ನು ಎಂಬಿಸಿ ವಾಹಿನಿ 'ನೂರ್' ಎಂಬ ಹೆಸರಿನಲ್ಲಿ ಅರಬ್ಬಿಗೆ ಡಬ್ ಮಾಡಿ ಹಾಕಿತು. ಪುಸ್ತಕದ ಅರಬ್ಬಿಯಲ್ಲ, ಸಿರಿಯಾದವರು ಮನೆಯಲ್ಲಿ ಆಡುವ ಅರಬ್ಬಿ. ಹೆಂಡತಿಯನ್ನು ಗೌರವದಿಂದ ಕಾಣುವ ಗಂಡನ ಪಾತ್ರ ಅದರಲ್ಲಿತ್ತು. ಸೌದಿಯ ಧರ್ಮಗುರುಗಳು ಅದು ಕೆಟ್ಟದ್ದೆಂದು ಸಾರಿದರು. ನೋಡುವವರು ನೋಡಿದರು, ಆಮೇಲೆ ಇಸ್ತಾಂಬುಲ್‌ಗೆ ಹೋಗಿ ಬಾಸ್ಫರಸ್ ದಂಡೆಯಲ್ಲಿ ಚಿತ್ರೀಕರಣವಾದ ಬಂಗಲೆಯನ್ನೂ ನೋಡಿ ಬಂದರು.

ನಮ್ಮ ದೇಶದ ಧಾರಾವಾಹಿಯೂ ಹೀಗೆ ಕಡಲು ದಾಟಿದ್ದುಂಟು. 2013ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಶುರುವಾದ 'ಮಹಾಭಾರತ' 2014ರಲ್ಲಿ ಇಂಡೋನೇಷ್ಯದ ಎಎನ್‌ಟಿವಿಯಲ್ಲಿ ಬಂತು. ಮುಸ್ಲಿಮರೇ ಬಹುಸಂಖ್ಯೆಯಲ್ಲಿರುವ ದೇಶ ಅದು. ಆದರೆ ಭೀಮ, ಅರ್ಜುನ, ಘಟೋತ್ಕಚ ಅಲ್ಲಿ ಹೊಸಬರಲ್ಲ, ತೊಗಲುಗೊಂಬೆಯಾಟದಲ್ಲಿ ಶತಮಾನಗಳಿಂದ ರಾತ್ರಿಯಿಡೀ ಕುಣಿಯುತ್ತಿರುವವರು. ನಟರನ್ನು ಜಕಾರ್ತಾಕ್ಕೆ ಕರೆಸಿಕೊಂಡು ಕಾರ್ಯಕ್ರಮ ಮಾಡಿದರು. ಅರ್ಜುನನಾಗಿದ್ದ ಶಹೀರ್ ಶೇಖ್ ಅಲ್ಲೇ ಕೆಲಸ ಮಾಡುವಷ್ಟು ಹೆಸರಾದರು. ಅದೇ ಮಹಾಭಾರತ 2020ರಲ್ಲಿ, ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ, ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಬಂದಾಗ ನಮ್ಮ ಹಳ್ಳಿಗಳಲ್ಲಿ ಯಾರು ನೋಡಲಿಲ್ಲ ಹೇಳಿ. ಕನ್ನಡದಲ್ಲಿ ಡಬ್ಬಿಂಗ್ ಬೇಡ ಎಂಬ ದಶಕಗಳ ಕಟ್ಟುಪಾಡು ಸಡಿಲವಾಗಿ ಆಗಷ್ಟೇ ಕೆಲವು ವರ್ಷಗಳಾಗಿದ್ದವು. ಇಂಡೋನೇಷ್ಯದ ಹೆಂಗಸರು ತಮ್ಮ ಭಾಷೆಯಲ್ಲಿ ನೋಡಿ ಆರು ವರ್ಷವಾದ ಮೇಲೆ ನಮ್ಮ ಅಮ್ಮಂದಿರಿಗೆ ಅದು ಕನ್ನಡದಲ್ಲಿ ಸಿಕ್ಕಿತು.

ಹಾಗಾದರೆ ಕನ್ನಡದವರು ಧಾರಾವಾಹಿಗಾಗಿ ವಿದೇಶಕ್ಕೆ ಹೋದದ್ದು ಇಲ್ಲವೇ ಇಲ್ಲವೇ? ನೇರವಾಗಿ ಅಂಥಾ ಪ್ರಯಾಣ ನಮ್ಮ ಕಡೆ ಕಾಣುವುದಿಲ್ಲ. ಆದರೆ ಒಂದು ಅಡ್ಡದಾರಿ ಇದೆ. ಅದರ ಹೆಸರು ಬಾಣಂತನ.

ಅಮೆರಿಕದಲ್ಲಿರುವ ಕನ್ನಡ ಕೂಟಗಳು ಸೇರಿ 1998ರಲ್ಲಿ 'ಅಕ್ಕ' ಎಂಬ ಸಂಸ್ಥೆ ಕಟ್ಟಿದವು. ಅಮೆರಿಕ ಕನ್ನಡ ಕೂಟಗಳ ಆಗರ ಎಂಬುದರ ಗಿಡ್ಡ ರೂಪ. ಎರಡು ವರ್ಷಕ್ಕೊಮ್ಮೆ ಸೆಪ್ಟೆಂಬರ್ ಮೊದಲ ವಾರದ ರಜೆಯಲ್ಲಿ ವಿಶ್ವ ಕನ್ನಡ ಸಮ್ಮೇಳನ: 2008ರಲ್ಲಿ ಶಿಕಾಗೋ, 2010ರಲ್ಲಿ ನ್ಯೂಜೆರ್ಸಿ, 2012ರಲ್ಲಿ ಅಟ್ಲಾಂಟಾ, 2014ರಲ್ಲಿ ಸ್ಯಾನ್ ಹೋಸೆ. ಸಾಹಿತಿಗಳು, ಮಂತ್ರಿಗಳು ಹೋಗುತ್ತಾರೆ ಎಂದು ಪತ್ರಿಕೆಯಲ್ಲಿ ಬರುತ್ತದೆ. ಆದರೆ ಸಭಾಂಗಣ ತುಂಬುವುದು ಸಿನಿಮಾದವರು, ಟೀವಿಯವರು, ಹಾಡುಗಾರರು ಬಂದಾಗ. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿ ಕೂತಿರುವ ಹಿರಿಯ ಹೆಂಗಸರು ಯಾರು? ಮಗಳ ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಿಕೊಳ್ಳಲೆಂದೋ ಆರು ತಿಂಗಳಿಗೆ ಹೋದವರು. ತಿಂಗಳುಗಟ್ಟಲೆ ನಾಲ್ಕು ಗೋಡೆಯ ನಡುವೆ ಹಾಲು ಕಾಯಿಸಿ, ಬಟ್ಟೆ ಮಡಚಿ, ನೆರೆಯವರ ಮುಖ ಕಾಣದೆ ಕೂತವರು. ಊರಿನಲ್ಲಿ ಟೀವಿಯಲ್ಲಿ ಕಂಡ ಮುಖವನ್ನು ಹತ್ತು ಸಾವಿರ ಕಿಲೋಮೀಟರಿಗೂ ಆಚೆ ಹತ್ತಡಿ ದೂರದಲ್ಲಿ ಕಂಡಾಗ ಅವರಿಗೆ ಆಗುವ ಖುಷಿಯನ್ನು ಮರ್ಲ್ ಎನ್ನಲು ನಮಗೆ ಮನಸ್ಸು ಬರುವುದಿಲ್ಲ. ಕೇಳಿದರೆ ಆ ಪ್ರಯಾಣದ ಕಾರಣ ಮಗಳನ್ನು ನೋಡುವುದು ಎಂದೇ ಹೇಳುತ್ತಾರೆ.

ಕರಾವಳಿಯವರದ್ದು ಗಲ್ಫ್ ದಾರಿ. ದುಡಿಯಲು ಹೋದವರು ರಜೆಗೆ ಬರುವಾಗ ವಿಸಿಆರ್ ತಂದರು, ಹೋಗುವಾಗ ಕ್ಯಾಸೆಟ್ ಒಯ್ದರು. ಕೈಯಲ್ಲಿ ಕಾಸು ಬಂದ ಮೇಲೆ ಕ್ಯಾಸೆಟ್ ಸಾಲದಾಯಿತು, ಯಕ್ಷಗಾನ ಮೇಳವನ್ನೇ, ತುಳು ನಾಟಕ ತಂಡವನ್ನೇ ವಿಮಾನದಲ್ಲಿ ಕರೆಸಿಕೊಂಡರು. ವಾರದ ರಜೆ ಶುಕ್ರವಾರವಾಗಿದ್ದ ಕಾರಣ ಆಟವೂ ಶುಕ್ರವಾರವೇ. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಬಂದ ಮೇಲೆ ಇದು ಸಲೀಸಾಯಿತು. 2018ರ ನವೆಂಬರಿನಲ್ಲಿ ದುಬೈಯ ಅಲ್ ನಾಸರ್ ಕ್ರೀಡಾಂಗಣದಲ್ಲಿ ಎರಡು ದಿನದ ವಿಶ್ವ ತುಳು ಸಮ್ಮೇಳನವೂ ನಡೆಯಿತು. ಅಂದರೆ ಬೇರೆಡೆ ಅಭಿಮಾನಿ ಕಲೆಯ ಊರಿಗೆ ಹೋದ. ನಮ್ಮಲ್ಲಿ ಕಲೆ ಅಭಿಮಾನಿಯ ಕೂಲಿಯ ಊರಿಗೆ ಹೋಯಿತು. ಅಲ್ಲಿಯೂ ನರ್ಸ್ ಕೆಲಸಕ್ಕೆ, ಮನೆಗೆಲಸಕ್ಕೆ ಹೋದ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಜನರಿಗೆ ಶುಕ್ರವಾರ ರಜೆ ಸಿಕ್ಕಿತು ಎಂಬ ಪ್ರಶ್ನೆಯನ್ನು ಯಾವ ಸಮ್ಮೇಳನದ ಸ್ಮರಣ ಸಂಚಿಕೆಯೂ ಕೇಳಿದ್ದನ್ನು ನಾವು ಕಂಡಿಲ್ಲ.

ಕನ್ನಡದ ಖಾಸಗಿ ವಾಹಿನಿಗಳು, 1994ರ ಉದಯ, 2000ದ ಈಟಿವಿ, 2006ರ ಜೀ, 2007ರ ಸುವರ್ಣ, ಬಂದ ಮೇಲೆ ಧಾರಾವಾಹಿ ದಿನದ ಊಟದಂತಾಯಿತು. ಅದಕ್ಕೂ ಸ್ವಲ್ಪ ಮೊದಲು, 1998ರ ಸುಮಾರಿಗೆ, ದೂರದರ್ಶನದ 'ಮಾಯಾಮೃಗ' ಸಂಜೆ ಹೊತ್ತು ಹೆಂಗಸರನ್ನು ಮಾತ್ರವಲ್ಲ ಗಂಡಸರನ್ನೂ ಮನೆಯಲ್ಲಿ ಕೂರಿಸಿತ್ತು. ಅದರ ನಿರ್ದೇಶಕರಲ್ಲಿ ಒಬ್ಬರಾದ ಟಿ.ಎನ್. ಸೀತಾರಾಮ್ ಮುಂದೆ ತಮ್ಮ ಧಾರಾವಾಹಿಗಳ ಬಗ್ಗೆ ವೀಕ್ಷಕರನ್ನು ಸಭಾಂಗಣಕ್ಕೆ ಕರೆದು ಸಂವಾದ ನಡೆಸಿದರು. ಆ ಪಾತ್ರಕ್ಕೆ ಯಾಕೆ ಹಾಗೆ ಮಾಡಿದಿರಿ ಎಂದು ಹೆಂಗಸರು ಮೈಕ್ ಹಿಡಿದು ಕೇಳುವುದು ಕನ್ನಡದ ಮಟ್ಟಿಗೆ ಹೊಸತು. ಈಗಂತೂ ವಾಹಿನಿಗಳೇ ಜಿಲ್ಲಾ ಕೇಂದ್ರಗಳ ಮೈದಾನದಲ್ಲಿ ವೇದಿಕೆ ಹಾಕಿ ತಾರೆಯರನ್ನು ಕರೆತರುತ್ತವೆ. ಜನ ಕಿಕ್ಕಿರಿಯುತ್ತಾರೆ. ಆದರೆ ಅಲ್ಲಿ ಮೈಕ್ ನಿರೂಪಕರ ಕೈಯಲ್ಲಿರುತ್ತದೆ. ಸಂವಾದದ ಕಾಲವೇ ಚೆನ್ನಾಗಿತ್ತು ಎನ್ನುವವರ ಜೊತೆ ನಾವೂ ಇದ್ದೇವೆ.

ಕರ್ನಾಟಕದೊಳಗೆ ಟೀವಿ ಅಭಿಮಾನಿಗಳು ಹುಡುಕಿಕೊಂಡು ಬರುವ ಜಾಗ ಒಂದಿದೆ, ಅದನ್ನು ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ಆರ್.ಕೆ. ನಾರಾಯಣ್ ಕಥೆಗಳ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಶಂಕರ್ ನಾಗ್ ಎಂಬತ್ತರ ದಶಕದಲ್ಲಿ ಚಿತ್ರೀಕರಿಸಿದ್ದು ಮುಖ್ಯವಾಗಿ ಆಗುಂಬೆಯಲ್ಲಿ. ಚಿತ್ರ ಬರೆದವರು ಆರ್.ಕೆ. ಲಕ್ಷ್ಮಣ್, ಸಂಗೀತ ಎಲ್. ವೈದ್ಯನಾಥನ್, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್. ಮಾಲ್ಗುಡಿ ಎಂಬ ಊರು ಯಾವ ನಕ್ಷೆಯಲ್ಲೂ ಇಲ್ಲ. ಆದರೂ ಉತ್ತರ ಭಾರತದಿಂದ, ವಿದೇಶದಿಂದ ಕೂಡ ಜನ ಆಗುಂಬೆಗೆ ಬಂದು ಸ್ವಾಮಿಯ ಮನೆ ಎಲ್ಲಿ ಎಂದು ಕೇಳುತ್ತಾರೆ. ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಂಡದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. ಅಲ್ಲಿನ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆದರು. ಅದನ್ನು ಅಣಿಗೊಳಿಸಿದ ಕಲಾವಿದ ಜಾನ್ ದೇವರಾಜ್ ಆ ಧಾರಾವಾಹಿಗೇ ಕಲಾ ನಿರ್ದೇಶನ ಮಾಡಿದ್ದವರು. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ.

ಬಿಕರ್ನಕಟ್ಟೆಯಿಂದ ಆಗುಂಬೆಗೆ ಹೋಗುವವರಿಗೆ ದಾರಿ ಸುಲಭ. ಅದೇ ಮೂಡುಬಿದಿರೆ ರಸ್ತೆಯಲ್ಲಿ ಕಾರ್ಕಳ, ಅಲ್ಲಿಂದ ಹೆಬ್ರಿ, ಸೋಮೇಶ್ವರ, ಮತ್ತೆ ಘಾಟಿ ಹತ್ತಿದರೆ ಆಗುಂಬೆ. ಚಿತ್ರೀಕರಣವಾದ ದೊಡ್ಡಮನೆ ಇವತ್ತಿಗೂ ಜನ ವಾಸವಾಗಿರುವ ಮನೆ. ಹಾಗಾಗಿ ಕೇಳಿ ಒಳಗೆ ಹೋಗುವುದು, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟದಿರುವುದು ಒಳ್ಳೆಯದು. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಜರಿಯುವುದುಂಟು, ಭಾರೀ ವಾಹನಗಳನ್ನು ತಡೆಯುವುದೂ ಉಂಟು. ಗುಂಪು ಕಟ್ಟಿ ಬಸ್ಸು ಮಾಡಿಕೊಂಡು ಹೋಗುವ ಅಮ್ಮಂದಿರು ಹೊರಡುವ ಮೊದಲು ಹೆಬ್ರಿಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ.